‘ಒಗ್ಗಲಿಲ್ಲ’ ಎಂದು ಸಿಪ್ಯಾಪ್ ಯಂತ್ರವನ್ನು ಎತ್ತಿಡುವ ಮುನ್ನ

ನಿದ್ದೆಯಲ್ಲಿ ಉಸಿರು ತಡೆಯುವ ಸ್ಲೀಪ್ ಆಪ್ನಿಯಾ ರೋಗಕ್ಕೆ ಕೊಡುವ ಸಿಪ್ಯಾಪ್ ಯಂತ್ರವನ್ನು ಕೊಂಡು ಕೆಲವೇ ವಾರಗಳಲ್ಲಿ ಬಿಟ್ಟವರನ್ನು ಕಾರಣ ಕೇಳಿದರೆ ನಮ್ಮ ದಾವಣಗೆರೆ ಕಡೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಒಗ್ಗಲಿಲ್ಲರೀ.’ ಐದು ವರ್ಷಗಳ ಹಿಂದೆ ನಾನೂ ಇದೇ ಮಾತು ಹೇಳಿ, ಯಂತ್ರವನ್ನು ಅದರ ಚೀಲಕ್ಕೆ ಹಾಕಿ ಬೀರುವಿನ ಮೇಲೆ ಎತ್ತಿಟ್ಟಿದ್ದೆ. ಎರಡು ತಿಂಗಳ ಮೇಲೆ ಅದನ್ನು ಕೆಳಗಿಳಿಸಿ ಮತ್ತೆ ಹಚ್ಚಿಕೊಂಡಾಗ ನನಗೆ ಅರ್ಥವಾದದ್ದೇನೆಂದರೆ, ಮೂಗು ಕಟ್ಟುವುದು, ಮಾಸ್ಕ್ ಸೋರುವುದು, ಭಯ, ನಾಚಿಕೆ, ನಿದ್ದೆಯೇ ಬಾರದಿರುವುದು, ತನಗೆ ರೋಗವಿದೆ ಎಂದು ಒಳಗೊಳಗೇ ಒಪ್ಪದಿರುವುದು, ಇವೆಲ್ಲವೂ ಆ ಒಂದು ಮಾತಿನೊಳಗೆ ಸೇರಿಕೊಂಡಿರುತ್ತವೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಪರಿಹಾರವಿದೆ. ‘ಒಗ್ಗಲಿಲ್ಲ’ ಎಂಬುದಕ್ಕೆ ಮಾತ್ರ ಯಾವ ವೈದ್ಯರ ಬಳಿಯೂ ಪರಿಹಾರವಿಲ್ಲ. ಆದ್ದರಿಂದ ನಿಮ್ಮ ಕಾರಣ ಯಾವುದು ಎಂದು ನೀವೇ ಬಿಡಿಸಿ ನೋಡಿಕೊಳ್ಳುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಸ್ಲೀಪ್ ಆಪ್ನಿಯಾದಲ್ಲಿ ನಿದ್ದೆ ಬಂದೊಡನೆ ಗಂಟಲಿನ ಹಿಂಭಾಗದ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಂತದ್ದು, ಅರ್ಧ ತಡೆದದ್ದು ಎರಡನ್ನೂ ಕೂಡಿಸಿ ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30ಕ್ಕಿಂತ ಹೆಚ್ಚಾದರೆ ತೀವ್ರ. ಸಿಪ್ಯಾಪ್ ಯಂತ್ರವು ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಿಂದ ಒಳಗೆ ಕಳಿಸಿ ಆ ದಾರಿಯನ್ನು ತೆರೆದಿಡುತ್ತದೆ. ಇದನ್ನು 1981ರಲ್ಲಿ ಮೊದಲು ವರದಿ ಮಾಡಿದವರು ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್. ಆ ಕಾಲದ ರೋಗಿಗಳು ಮಾಸ್ಕನ್ನು ಪ್ರತಿ ರಾತ್ರಿ ಸಿಲಿಕೋನ್ ಅಂಟಿನಿಂದ ಮೂಗಿಗೆ ಅಂಟಿಸಿಕೊಂಡು ಮಲಗಬೇಕಾಗಿತ್ತು. ಅಂದಿಗೂ ಇಂದಿಗೂ ಇರುವ ದೊಡ್ಡ ಮಿತಿ ಒಂದೇ: ಹಚ್ಚಿಕೊಂಡಷ್ಟು ಹೊತ್ತು ಮಾತ್ರ ಇದು ಕೆಲಸ ಮಾಡುತ್ತದೆ, ತೆಗೆದ ಮರುಗಳಿಗೆ ಗಂಟಲು ಮೊದಲಿನಂತೆಯೇ ಮುಚ್ಚಿಕೊಳ್ಳುತ್ತದೆ.

ಮೊದಲ ಹೆಜ್ಜೆ: ಏಳು ರಾತ್ರಿಗಳ ಲೆಕ್ಕ

ಒಂದು ನೋಟ್‌ಬುಕ್ಕನ್ನು ಹಾಸಿಗೆಯ ಪಕ್ಕ ಇಟ್ಟುಕೊಳ್ಳಿ. ಪ್ರತಿ ಬೆಳಿಗ್ಗೆ ಮೂರೇ ಸಂಗತಿಗಳನ್ನು ಬರೆಯಿರಿ: ಯಂತ್ರದ ಪರದೆ ತೋರಿಸುವ ಬಳಕೆಯ ಗಂಟೆಗಳು, ಮಾಸ್ಕ್ ತೆಗೆದದ್ದು ಎಷ್ಟು ಹೊತ್ತಿಗೆ, ತೆಗೆಯುವಾಗ ಆಗುತ್ತಿದ್ದ ತೊಂದರೆ ಏನು. ಮೂರನೆಯದಕ್ಕೆ ಉತ್ತರ ಹೊಳೆಯದಿದ್ದರೆ ‘ನೆನಪಿಲ್ಲ’ ಎಂದೇ ಬರೆಯಿರಿ, ಏಕೆಂದರೆ ಅದೂ ಒಂದು ಸುಳಿವು. ನನ್ನ ಪುಟದಲ್ಲಿ ಮೊದಲ ನಾಲ್ಕು ದಿನ ‘ನೆನಪಿಲ್ಲ, ಮಾಸ್ಕ್ ದಿಂಬಿನ ಕೆಳಗಿತ್ತು’ ಎಂದೇ ಇದೆ. ನಾನು ಎಚ್ಚರವಿಲ್ಲದೆಯೇ ರಾತ್ರಿ ಎರಡರ ಸುಮಾರಿಗೆ ಅದನ್ನು ಕಿತ್ತು ಹಾಕುತ್ತಿದ್ದೆ.

ಬಾಯಿಲೆಕ್ಕವನ್ನು ನಂಬಬಾರದು ಎನ್ನುವುದಕ್ಕೆ ಹಳೆಯದೊಂದು ಅಧ್ಯಯನವಿದೆ. 1993ರಲ್ಲಿ ಅಮೆರಿಕದಲ್ಲಿ 35 ರೋಗಿಗಳ ಯಂತ್ರಗಳೊಳಗೆ ಅವರಿಗೆ ತಿಳಿಯದಂತೆ ಗಡಿಯಾರವನ್ನು ಅಳವಡಿಸಿ ನೋಡಿದರು. ಪ್ರತಿ ರಾತ್ರಿ ಬಳಸುತ್ತೇವೆ ಎಂದವರು ನೂರಕ್ಕೆ 60 ಮಂದಿ. ರಾತ್ರಿಗೆ ಕನಿಷ್ಠ ನಾಲ್ಕು ಗಂಟೆಯಂತೆ ನೂರಕ್ಕೆ 70 ದಿನಗಳಾದರೂ ಬಳಸಿದವರು ನೂರಕ್ಕೆ 46 ಮಂದಿ ಮಾತ್ರ. ಅವರೆಲ್ಲ ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ, ನಿದ್ದೆಯಲ್ಲಿ ನಡೆದದ್ದಕ್ಕೆ ನಮ್ಮ ಮನಸ್ಸು ಸಾಕ್ಷಿಯಾಗಲಾರದು, ಅಷ್ಟೇ.

ಈ ಲೆಕ್ಕವನ್ನು ಮೊದಲ ವಾರದಲ್ಲೇ ಶುರುಮಾಡಬೇಕು. ನಿಯಮಿತವಾಗಿ ಬಳಸುವವರ ದಾರಿಯೂ ಬಿಟ್ಟುಬಿಟ್ಟು ಬಳಸುವವರ ದಾರಿಯೂ ನಾಲ್ಕನೆಯ ದಿನದ ಹೊತ್ತಿಗೇ ಬೇರೆಯಾಗಿರುತ್ತವೆ ಎಂದು 1997ರ ಇನ್ನೊಂದು ಅಧ್ಯಯನ ತೋರಿಸಿತು. ಒಂದು ತಿಂಗಳು ನೋಡಿ ಆಮೇಲೆ ಡಾಕ್ಟರ ಬಳಿ ಹೋಗೋಣ ಎಂದು ಕಾಯುವ ಹೊತ್ತಿಗೆ ಬಿಡುವ ರೂಢಿ ಗಟ್ಟಿಯಾಗಿಬಿಟ್ಟಿರುತ್ತದೆ.

ಎರಡನೆಯ ಹೆಜ್ಜೆ: ಇದು ನನಗೆ ಬೇಕು ಎಂದು ನಾನು ನಂಬಿದ್ದೇನೆಯೇ?

ಗೊರಕೆಯ ಕಾಟ ತಡೆಯಲಾರದೆ ಹೆಂಡತಿಯೋ ಮಕ್ಕಳೋ ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದವರಿಗಿಂತ, ಹಗಲಿನ ತೂಕಡಿಕೆಯಿಂದ ಬೇಸತ್ತು ತಾವಾಗಿಯೇ ಹೋದವರು ಯಂತ್ರವನ್ನು ಹೆಚ್ಚು ಬಳಸುತ್ತಾರೆ. ಹಗಲು ವಿಪರೀತ ನಿದ್ದೆ ಬರುತ್ತಿದ್ದವರಿಗೆ ಮೊದಲ ವಾರದಲ್ಲೇ ವ್ಯತ್ಯಾಸ ಗೊತ್ತಾಗುವುದರಿಂದ ಅವರು ಬಿಡುವುದು ಕಡಿಮೆ. ತೊಂದರೆಯೇ ಗೊತ್ತಾಗದಿದ್ದವರಿಗೆ ಲಾಭವೂ ಗೊತ್ತಾಗುವುದಿಲ್ಲ, ಉಳಿಯುವುದು ಮುಖದ ಮೇಲಿನ ಪಟ್ಟಿಯ ಗುರುತು ಮಾತ್ರ. ನೀವು ಈ ಎರಡನೆಯ ಗುಂಪಿನವರಾದರೆ ನಿದ್ರಾ ಪರೀಕ್ಷೆಯ ವರದಿಯನ್ನು ಮತ್ತೆ ತೆರೆದು ಎರಡು ಅಂಕಿಗಳನ್ನು ನೋಡಿ: ಗಂಟೆಗೆ ಎಷ್ಟು ಸಲ ಉಸಿರು ತಡೆಯಿತು, ರಕ್ತದ ಆಮ್ಲಜನಕ ಎಷ್ಟಕ್ಕೆ ಇಳಿಯಿತು. ಮನೆಯವರು ನೀವು ಮಲಗಿದಾಗ ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು. ಗೊರಕೆ ಏರುತ್ತ ಹೋಗಿ, ಥಟ್ಟನೆ ನಿಂತು, ಎದೆ ಮಾತ್ರ ಎಳೆದಾಡಿ, ಕೊನೆಗೆ ಉಬ್ಬಸದಂತೆ ಉಸಿರು ಬಿಡುವ ತನ್ನದೇ ದೇಹವನ್ನು ಕಂಡಮೇಲೆ ನನಗೆ ಬೇರೆ ಉಪದೇಶ ಬೇಕಾಗಲಿಲ್ಲ.

ಹೆಂಗಸರಲ್ಲಿ ಈ ರೋಗ ಅನೇಕ ಸಲ ಬೆಳಗಿನ ತಲೆನೋವು, ನಿದ್ದೆ ಬಾರದಿರುವುದು, ಮೈ ಭಾರ, ಮಂಕು ಇವುಗಳ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮನೆಯ ಕೆಲಸದ ಆಯಾಸ ಎಂದು ಅದನ್ನು ತಳ್ಳಿಹಾಕುವುದು ನಮ್ಮಲ್ಲಿ ತೀರಾ ಸಾಮಾನ್ಯ, ಮತ್ತು ಅದು ನನಗೆ ಬಹಳ ನೋವಿನ ವಿಷಯ.

ಎರಡು ತಪ್ಪು ನಂಬಿಕೆಗಳನ್ನೂ ಇಲ್ಲಿಯೇ ಬಿಡಿಸಿಕೊಳ್ಳಬೇಕು. 2021ರ ಬೇಸಿಗೆಯಲ್ಲಿ ಆಸ್ಪತ್ರೆಗಳ ಮುಂದೆ ಆಕ್ಸಿಜನ್‌ಗಾಗಿ ನಿಂತ ಮನೆಗಳಿಗೆ ಮುಖದ ಮೇಲೆ ಮಾಸ್ಕ್ ಕಂಡರೆ ಅದು ಕೊನೆಯ ಹಂತದ ಚಿಹ್ನೆಯಂತೆ ಕಾಣುತ್ತದೆ. ಸಿಪ್ಯಾಪ್ ಆಕ್ಸಿಜನ್ ಯಂತ್ರವಲ್ಲ, ವೆಂಟಿಲೇಟರೂ ಅಲ್ಲ. ಇನ್ನೊಂದು, ‘ಒಮ್ಮೆ ಹಚ್ಚಿದರೆ ಅದರ ಚಟವಾಗಿ ಅದಿಲ್ಲದೆ ಉಸಿರೇ ಆಡದು’ ಎಂಬ ಭಯ. ಕನ್ನಡಕ ತೆಗೆದರೆ ಅಕ್ಷರ ಮಸುಕಾಗುವುದು ಕನ್ನಡಕದ ಚಟದಿಂದಲ್ಲ. ಇಲ್ಲಿಯೂ ಹಾಗೆಯೇ, ಯಂತ್ರ ತೆಗೆದಾಗ ಮರಳುವುದು ಮೊದಲಿದ್ದ ರೋಗ ಮಾತ್ರ.

ಮೂರನೆಯ ಹೆಜ್ಜೆ: ಮೂಗನ್ನು ಪರೀಕ್ಷಿಸಿ

ಮಲಗುವ ಮುನ್ನ ಒಂದು ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ ಇನ್ನೊಂದರಿಂದ ಉಸಿರಾಡಿ ನೋಡಿ, ಆಮೇಲೆ ಬದಲಿಸಿ. ಒಂದು ಕಡೆ ಗಾಳಿ ಸರಾಗವಾಗಿ ಹೋಗದಿದ್ದರೆ ನಿಮ್ಮ ಮೊದಲ ಕಾರಣ ಸಿಕ್ಕಿತೆಂದು ತಿಳಿಯಿರಿ. ಮೂಗು ಕಟ್ಟಿದವರು ಬಾಯಿ ತೆರೆಯುತ್ತಾರೆ, ತೆರೆದ ಬಾಯಿಂದ ಗಾಳಿ ಸೋರುತ್ತದೆ, ಸೋರಿದ ಗಾಳಿ ಗಂಟಲನ್ನು ಒಣಗಿಸುತ್ತದೆ, ಒಣ ಗಂಟಲು ನಡುರಾತ್ರಿ ಎಬ್ಬಿಸುತ್ತದೆ. ಎಚ್ಚರವಾದವರು ದೋಷ ಹಾಕುವುದು ಯಂತ್ರದ ಮೇಲೆ. ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಹೊಗೆ, ಅಕ್ಕಿ ಗಿರಣಿಗಳ ತೌಡು, ಮೆಕ್ಕೆಜೋಳದ ಸುಗ್ಗಿಯಲ್ಲಿ ಮಾರುಕಟ್ಟೆಯಿಂದ ಏಳುವ ಧೂಳು, ಇವುಗಳ ನಡುವೆ ದುಡಿಯುವವರಿಗೆ ಅಲರ್ಜಿಯ ಮೂಗು ಎಷ್ಟು ರೂಢಿಯಾಗಿರುತ್ತದೆಂದರೆ ಅದೊಂದು ಕಾಯಿಲೆಯೆಂದೇ ಅವರಿಗೆ ಅನ್ನಿಸುವುದಿಲ್ಲ.

ರಾತ್ರಿ ಕೈಕಾಲು ತೊಳೆಯುವಾಗಲೇ ಉಪ್ಪುನೀರಿನ ಮೂಗಿನ ಸ್ಪ್ರೇ ಬಳಸಿ. ಮೂಗು ತೆರೆಸುವ ಔಷಧದ ಹನಿಗಳನ್ನು ಅಂಗಡಿಯಿಂದ ತಂದು ವಾರಗಟ್ಟಲೆ ಹಾಕಿಕೊಳ್ಳಬೇಡಿ. ಅವು ಕೆಲವು ದಿನ ಕಳೆದ ಮೇಲೆ ಮೂಗನ್ನು ಇನ್ನಷ್ಟು ಕಟ್ಟಿಸುತ್ತವೆ. ಎರಡು ವಾರದಲ್ಲಿ ಹತೋಟಿಗೆ ಬರದಿದ್ದರೆ ಕಿವಿ ಮೂಗು ಗಂಟಲು ತಜ್ಞರನ್ನು ಕಾಣಿ. ದಾವಣಗೆರೆಯ ಜೆಜೆಎಂ ಮತ್ತು ಎಸ್‌ಎಸ್ ವೈದ್ಯಕೀಯ ಕಾಲೇಜುಗಳೂ ಚಿತ್ರದುರ್ಗದ ಬಸವೇಶ್ವರ ವೈದ್ಯಕೀಯ ಕಾಲೇಜೂ ಇರುವಾಗ ಇದಕ್ಕಾಗಿ ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ. ಮೂಗಿನ ನಡುಗೋಡೆ ತೀರಾ ಓರೆಯಾಗಿದ್ದವರಿಗೆ ಶಸ್ತ್ರಚಿಕಿತ್ಸೆಯಿಂದ ಆಪ್ನಿಯಾ ಹೋಗಿಬಿಡುವುದು ಅಪರೂಪ, ಆದರೆ ಸಿಪ್ಯಾಪ್ ಸಹ್ಯವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಮಾಸ್ಕನ್ನು ಮಲಗಿಕೊಂಡೇ ಹೊಂದಿಸಿ

ನನಗೆ ಯಂತ್ರ ತಂದುಕೊಟ್ಟವರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಗಾಳಿಯನ್ನು ಹಚ್ಚದೆ, ಹತ್ತು ನಿಮಿಷದಲ್ಲಿ ಮಾಸ್ಕ್ ತೊಡಿಸಿ ತೋರಿಸಿ ಹೊರಟುಹೋದರು. ಮಲಗಿದಾಗ ಮುಖದ ಮಾಂಸ ಹಿಂದಕ್ಕೆ ಜಾರಿ ಆಕಾರವೇ ಬದಲಾಗುತ್ತದೆ. ಆದ್ದರಿಂದ ನೀವು ಮಲಗುವ ಭಂಗಿಯಲ್ಲೇ ಮಲಗಿ, ಗಾಳಿ ಬರುತ್ತಿರುವಾಗ, ಮಾಸ್ಕನ್ನು ಒಮ್ಮೆ ಮುಖದಿಂದ ಮುಂದಕ್ಕೆಳೆದು ಅದು ತಾನಾಗಿ ಗಾಳಿ ತುಂಬಿ ಕೂರಲು ಬಿಟ್ಟು, ಬಳಿಕ ಪಟ್ಟಿಗಳನ್ನು ಎರಡೂ ಕಡೆ ಸಮನಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ಸೋರುತ್ತದೆಂದು ಬಿಗಿದಷ್ಟೂ ಸಿಲಿಕೋನ್ ಮಡಚಿಕೊಂಡು ಇನ್ನೂ ಹೆಚ್ಚು ಸೋರುತ್ತದೆ, ಮೂಗಿನ ಮೇಲೆ ಹುಣ್ಣೂ ಆಗುತ್ತದೆ.

ಯಂತ್ರದ ಜೊತೆಗಿನ ಪುಸ್ತಿಕೆಯಲ್ಲಿ ಬರೆದಿರದ ಕೆಲವು ಸಂಗತಿಗಳು ನಮ್ಮ ಮನೆಗಳಲ್ಲಿವೆ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವವರ ಹಣೆಗೆ ಇಳಿದ ಎಣ್ಣೆ ಸಿಲಿಕೋನನ್ನು ಜಾರಿಸುತ್ತದೆ, ಪಟ್ಟಿಯನ್ನು ಬೇಗ ಸಡಿಲಗೊಳಿಸುತ್ತದೆ. ಎಣ್ಣೆಯನ್ನು ಬೆಳಿಗ್ಗೆ ಸ್ನಾನಕ್ಕೆ ಮೊದಲು ಹಚ್ಚಿಕೊಳ್ಳಿ, ಮಲಗುವ ಮುನ್ನ ಮುಖವನ್ನು ಸೋಪಿನಿಂದ ತೊಳೆಯಿರಿ. ಹಿಂದೆ ತುರುಬು ಕಟ್ಟಿ ಮಲಗುವವರಿಗೆ ಪಟ್ಟಿ ಮೇಲಕ್ಕೆ ಜರುಗುತ್ತದೆ, ಸಡಿಲವಾದ ಜಡೆಯನ್ನು ಪಕ್ಕಕ್ಕೆ ಹಾಕಿಕೊಂಡರೆ ಸರಿಯಾಗುತ್ತದೆ. ಮೂಗುಬೊಟ್ಟು ಮಾಸ್ಕಿನ ಅಂಚಿಗೆ ತಾಗಿದರೆ ಸೋರಿಕೆ ಖಂಡಿತ. ಅದನ್ನು ತೆಗೆಯಲು ಮನಸ್ಸಿಲ್ಲದವರಿಗೆ ಬೇರೆ ಅಳತೆಯ ಅಥವಾ ಬೇರೆ ಬಗೆಯ ಮಾಸ್ಕ್ ಕೊಡಿಸಬೇಕೇ ಹೊರತು ಅವರನ್ನು ಗದರಿಸಬಾರದು. ದಪ್ಪ ಮೀಸೆಯವರಿಗೆ ಹೊಳ್ಳೆಗಳ ಬಾಯಿಗೆ ಮಾತ್ರ ಕೂರುವ ಪಿಲ್ಲೋ ಮಾಸ್ಕ್ ಒಳ್ಳೆಯದು. ಕಟ್ಟಿಸಿದ ಹಲ್ಲು ತೆಗೆದು ಮಲಗುವ ಹಿರಿಯರ ಮಾಸ್ಕನ್ನು ಹಲ್ಲು ತೆಗೆದ ಮೇಲೆಯೇ ಹೊಂದಿಸಬೇಕು.

ಬಾಯಿಂದ ಉಸಿರಾಡುತ್ತೇನೆ ಎಂದವರಿಗೆಲ್ಲ ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಕೊಡುವುದು ರೂಢಿಯಾಗಿದೆ. ಅದು ಕೆಲವರಿಗೆ ನಿಜಕ್ಕೂ ಬೇಕು. ಆದರೆ ಮೂಗಿನ ಮಾಸ್ಕ್ ಬಳಸುವವರೇ ಸಾಮಾನ್ಯವಾಗಿ ಹೆಚ್ಚು ಗಂಟೆ ಬಳಸುತ್ತಾರೆ, ಆದ್ದರಿಂದ ಮೊದಲು ಮೂಗಿನ ಚಿಕಿತ್ಸೆ, ಆಮೇಲೆ ದೊಡ್ಡ ಮಾಸ್ಕ್ ಎಂಬ ಕ್ರಮವೇ ಸರಿ ಎಂದು ನನ್ನ ಅಭಿಪ್ರಾಯ.

ಐದನೆಯ ಹೆಜ್ಜೆ: ಭಯವಿದ್ದರೆ ಹಗಲಿನಲ್ಲಿ ಅಭ್ಯಾಸ ಮಾಡಿ

ಮುಖ ಮುಚ್ಚಿದೊಡನೆ ಎದೆ ಬಡಿದುಕೊಳ್ಳುವುದು, ಉಸಿರು ಸಿಗುತ್ತಿಲ್ಲ ಎನ್ನಿಸುವುದು, ಕಿತ್ತು ಎಸೆಯಬೇಕೆನ್ನಿಸುವುದು ಹೇಡಿತನದಿಂದ ಆಗುವುದಲ್ಲ. ಇಕ್ಕಟ್ಟಿನ ಭಯ ಇರುವವರಲ್ಲಿ ಯಂತ್ರ ಬಿಡುವುದು ಹೆಚ್ಚು ಎಂಬುದು ಚೆನ್ನಾಗಿ ತಿಳಿದಿರುವ ಸಂಗತಿ, ಮತ್ತು ಈ ಭಯ ಅಭ್ಯಾಸದಿಂದ ಇಳಿಯುತ್ತದೆ ಎಂಬುದೂ ಅಷ್ಟೇ ನಿಜ. ಆದರೆ ಆ ಅಭ್ಯಾಸವನ್ನು ರಾತ್ರಿ ಹಾಸಿಗೆಯಲ್ಲಿ ಮಾಡಬಾರದು.

ಮೊದಲ ಎರಡು ದಿನ ಸಂಜೆ ಟಿವಿ ನೋಡುತ್ತ ಕುಳಿತಾಗ ಮಾಸ್ಕನ್ನು ಕೊಳವೆಯಿಲ್ಲದೆ, ಪಟ್ಟಿಯಿಲ್ಲದೆ, ಬರಿ ಕೈಯಿಂದ ಮೂಗಿನ ಮೇಲೆ ಹಿಡಿದುಕೊಳ್ಳಿ. ಬೇಡವೆನಿಸಿದಾಗ ತೆಗೆಯುವ ಅಧಿಕಾರ ನಿಮ್ಮ ಕೈಯಲ್ಲೇ ಇದೆಯೆಂದು ಮನಸ್ಸಿಗೆ ಗೊತ್ತಾಗಲಿ. ಅದು ಸಲೀಸಾದ ಮೇಲೆ ಪಟ್ಟಿ ಹಾಕಿ, ಅರ್ಧ ಗಂಟೆ ಇರಿ. ನಂತರ ಕೊಳವೆ ಸೇರಿಸಿ ಗಾಳಿ ಹಚ್ಚಿ, ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡುತ್ತ ಕುಳಿತುಕೊಳ್ಳಿ. ಆಮೇಲೆ ಮಧ್ಯಾಹ್ನ ಊಟದ ನಂತರದ ಮಲಗಾಟಕ್ಕೆ ಹಚ್ಚಿಕೊಳ್ಳಿ. ಕೊನೆಗೆ ರಾತ್ರಿ. ಯಾವ ಮೆಟ್ಟಿಲಲ್ಲಿ ಎದೆ ಬಡಿಯಿತೋ ಅದರ ಹಿಂದಿನ ಮೆಟ್ಟಿಲಿಗೆ ಇಳಿದು ಎರಡು ದಿನ ಅಲ್ಲೇ ಇರಿ. ನನಗೆ ಇದಕ್ಕೆ ಹನ್ನೊಂದು ದಿನ ಹಿಡಿಯಿತು.

ಗಾಳಿಯ ರಭಸವೇ ಭಯ ಹುಟ್ಟಿಸಿದರೆ ಯಂತ್ರದಲ್ಲಿ ರ‍್ಯಾಂಪ್ ಎಂಬ ಸೌಲಭ್ಯವಿದೆಯೇ ನೋಡಿ. ಅದು ಕಡಿಮೆ ಒತ್ತಡದಿಂದ ಶುರುವಾಗಿ ನಿದ್ದೆ ಬರುವ ಹೊತ್ತಿಗೆ ಪೂರ್ತಿ ಒತ್ತಡಕ್ಕೆ ಏರುತ್ತದೆ. ಉಸಿರು ಬಿಡುವಾಗ ಒತ್ತಡ ಇಳಿಸುವ ಸೌಲಭ್ಯವೂ ಹಲವು ಯಂತ್ರಗಳಲ್ಲಿದೆ. ಹೊಟ್ಟೆಯುಬ್ಬರ, ಬೆಳಿಗ್ಗೆ ತೇಗು ಬಂದರೆ ಗಾಳಿಯನ್ನು ನುಂಗುತ್ತಿದ್ದೀರೆಂದು ಅರ್ಥ, ಅದನ್ನು ವೈದ್ಯರಿಗೆ ಹೇಳಿ. ಚಿಕಿತ್ಸೆಯ ಒತ್ತಡವನ್ನು ಮಾತ್ರ ಯೂಟ್ಯೂಬ್ ನೋಡಿ ನೀವೇ ಬದಲಿಸಬೇಡಿ.

ಭಯವಿಲ್ಲದಿದ್ದರೂ ನಿದ್ದೆಯೇ ಬಾರದವರು ಬೇರೆ ಗುಂಪು. ಆಪ್ನಿಯಾದ ಜೊತೆ ನಿದ್ರಾಹೀನತೆಯೂ ಇರುವವರಿಗೆ ಮಾಸ್ಕ್ ಧರಿಸಿ ಹೊರಳಾಡುವ ಒಂದೊಂದು ಗಂಟೆಯೂ ಯುಗವಾಗುತ್ತದೆ. ಕಣ್ಣು ಎಳೆಯುವವರೆಗೆ ಹಾಸಿಗೆಗೆ ಹೋಗಬೇಡಿ, ಏಳುವ ಸಮಯವನ್ನು ಬದಲಿಸಬೇಡಿ, ಮತ್ತು ಖಿನ್ನತೆ ಇದ್ದರೆ ಮುಚ್ಚಿಡದೆ ಹೇಳಿ, ಏಕೆಂದರೆ ಅದಕ್ಕೆ ಚಿಕಿತ್ಸೆಯಾಗದೆ ಇದು ಕೂಡಿಬರುವುದು ಕಷ್ಟ. ನಿದ್ದೆ ಮಾತ್ರೆ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಮದ್ಯವಂತೂ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸಿ ರೋಗವನ್ನೇ ಹೆಚ್ಚಿಸುತ್ತದೆ.

ಆರನೆಯ ಹೆಜ್ಜೆ: ಮನೆಯವರನ್ನು ಜೊತೆಗೆ ಕರೆದುಕೊಳ್ಳಿ

ನಾನು ಯಂತ್ರವನ್ನು ಬೀರುವಿನ ಮೇಲೆ ಇಟ್ಟದ್ದಕ್ಕೆ ನಿಜವಾದ ಕಾರಣ ನಾಚಿಕೆಯಾಗಿತ್ತು ಎಂದು ಈಗ ಹೇಳಬಲ್ಲೆ. ಮೊಮ್ಮಗಳು ನನ್ನನ್ನು ಮಾಸ್ಕಿನಲ್ಲಿ ಕಂಡು ಹೆದರಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಅವಳಿಗೆ ಆ ಕೊಳವೆಯನ್ನು ಕೈಗೆ ಕೊಟ್ಟು, ಗಾಳಿ ಹೇಗೆ ಬರುತ್ತದೆಂದು ಅಂಗೈಗೆ ತಾಗಿಸಿ ತೋರಿಸಿದ ಮೇಲೆ ಅವಳೇ ರಾತ್ರಿ ‘ತಾತ, ಸೊಂಡಿಲು ಹಾಕ್ಕೋ’ ಎಂದು ನೆನಪಿಸತೊಡಗಿದಳು. ಯಂತ್ರವನ್ನು ಅಡಗಿಸುವ ಬದಲು ಮೊದಲ ದಿನವೇ ಎಲ್ಲರಿಗೂ ತೋರಿಸಿಬಿಡುವುದು ಲೇಸು.

ಒಬ್ಬರೇ ಮಲಗುವವರಿಗಿಂತ ಸಂಗಾತಿಯ ಜೊತೆ ಮಲಗುವವರು ಹೆಚ್ಚು ಬಳಸುತ್ತಾರೆ, ಆದರೆ ಆ ಸಂಗಾತಿ ಪೊಲೀಸಿನಂತೆ ಕಾಯುವವರಾದರೆ ಫಲ ತಿರುಗುಮುರುಗಾಗುತ್ತದೆ. ಅವರಿಗೆ ಒಂದೇ ಕೆಲಸ ಕೊಡಿ: ನಿದ್ದೆಯಲ್ಲಿ ನೀವು ಮಾಸ್ಕ್ ಕಿತ್ತದ್ದು ಕಂಡರೆ ಮೆಲ್ಲಗೆ ಎಬ್ಬಿಸಿ ಮತ್ತೆ ಹಾಕಿಸಲಿ. ಮೊದಲ ಮೂರು ಗಂಟೆ ಹಾಕಿಕೊಂಡೆನಲ್ಲ ಎಂದು ಸಮಾಧಾನಪಡುವಂತಿಲ್ಲ, ಕನಸು ಬೀಳುವ ನಿದ್ದೆ ಹೆಚ್ಚಾಗಿರುವುದು ರಾತ್ರಿಯ ಎರಡನೆಯ ಅರ್ಧದಲ್ಲಿ, ಮತ್ತು ಉಸಿರು ಹೆಚ್ಚು ಹೊತ್ತು ನಿಲ್ಲುವುದೂ ಬಹಳ ಮಂದಿಗೆ ಆಗಲೇ. 2016ರಲ್ಲಿ ಪ್ರಕಟವಾದ ಸೇವ್ ಎಂಬ ದೊಡ್ಡ ಅಧ್ಯಯನದಲ್ಲಿ 2,700ಕ್ಕೂ ಹೆಚ್ಚು ಹೃದ್ರೋಗಿಗಳೂ ಪಾರ್ಶ್ವವಾಯು ಆಗಿದ್ದವರೂ ಇದ್ದರು. ಅವರಲ್ಲಿ ಸಿಪ್ಯಾಪ್ ಪಡೆದವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ. ತೂಕಡಿಕೆಯೂ ಮನಸ್ಸಿನ ಸ್ಥಿತಿಯೂ ಸುಧಾರಿಸಿದವು, ಹೃದಯಾಘಾತ ಮತ್ತು ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಬಳಕೆಯ ಗಂಟೆಗಳು ಕಡಿಮೆಯಾದದ್ದೇ ಇದಕ್ಕೆ ಕಾರಣವೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ಮೊದಲ ಹೆಜ್ಜೆಯಲ್ಲಿ ಬಂದ ನಾಲ್ಕು ಗಂಟೆ ಎಂಬುದು ಲೆಕ್ಕಕ್ಕೆ ಹಾಕಿಕೊಂಡ ಗೆರೆ ಮಾತ್ರ, ಮಲಗಿದಷ್ಟು ಹೊತ್ತೂ ಹಾಕಿಕೊಳ್ಳುವುದೇ ಗುರಿ.

ಏಳನೆಯ ಹೆಜ್ಜೆ: ನೀರು ಮತ್ತು ಕರೆಂಟು

ಗಂಟಲು ಒಣಗುವವರು ಯಂತ್ರದ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬಳಸಬೇಕು. ಅದರ ತೊಟ್ಟಿಗೆ ನಮ್ಮ ಬೋರ್‌ವೆಲ್ ನೀರನ್ನು ಹಾಕಬೇಡಿ. ಒಂದು ವಾರದಲ್ಲಿ ತಳದಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ, ಕುದಿಸಿದರೂ ಆ ಲವಣ ಹೋಗುವುದಿಲ್ಲ. ಡಿಸ್ಟಿಲ್ಡ್ ನೀರನ್ನೇ ಬಳಸಿ, ಬ್ಯಾಟರಿಗೆಂದು ಮಾರುವುದನ್ನು ತರಬೇಡಿ. ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಿ ತೊಟ್ಟಿಯನ್ನು ಒಣಗಲು ಬಿಡಿ, ಮಾಸ್ಕಿನ ಮೆತ್ತೆಯನ್ನು ದಿನವೂ ಒರೆಸಿ, ಕೊಳವೆಯನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಧೂಳಿನ ಊರಾದ್ದರಿಂದ ಗಾಳಿಯ ಫಿಲ್ಟರನ್ನು ಕಂಪನಿ ಹೇಳಿದ್ದಕ್ಕಿಂತ ಮೊದಲೇ ನೋಡುತ್ತಿರಿ. ಡಿಸೆಂಬರ್ ಚಳಿಯಲ್ಲಿ ಕೊಳವೆಯೊಳಗೆ ನೀರು ಹನಿಗಟ್ಟಿ ಮೂಗಿಗೆ ಚಿಮ್ಮಿದರೆ ಗಾಬರಿಯಾಗದೆ ಕೊಳವೆಗೆ ಬಟ್ಟೆ ಸುತ್ತಿ, ತೇವದ ಮಟ್ಟ ಒಂದಂಕಿ ಇಳಿಸಿ, ಯಂತ್ರವನ್ನು ಮಂಚಕ್ಕಿಂತ ಕೆಳಗೆ ಇಡಿ.

ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಕಡೆಯ ಹಳ್ಳಿಗಳವರು ಮೊದಲು ಕೇಳುವುದು ಕರೆಂಟು ಹೋದರೆ ಉಸಿರುಗಟ್ಟುವುದಿಲ್ಲವೇ ಎಂದು. ಗಟ್ಟುವುದಿಲ್ಲ. ಮೂಗಿನ ಮಾಸ್ಕಿನವರು ಬಾಯಿ ತೆರೆಯಬಹುದು, ಪೂರ್ಣ ಮಾಸ್ಕಿನಲ್ಲಿ ಗಾಳಿ ನಿಂತೊಡನೆ ತಾನಾಗಿ ತೆರೆಯುವ ಕವಾಟವಿರುತ್ತದೆ. ಇನ್ವರ್ಟರ್ ಇದ್ದರೆ ಅದರ ಮೇಲೆ ಹಚ್ಚಿ, ಹ್ಯೂಮಿಡಿಫೈಯರಿನ ಬಿಸಿಯನ್ನು ಆರಿಸಿದರೆ ಬ್ಯಾಟರಿ ಬಹಳ ಹೆಚ್ಚು ಹೊತ್ತು ಬರುತ್ತದೆ.

ಎಂಟನೆಯ ಹೆಜ್ಜೆ: ವೈದ್ಯರ ಬಳಿ ನೋಟ್‌ಬುಕ್ಕಿನೊಡನೆ ಹೋಗಿ

ಎರಡು ವಾರ ಕಳೆದೊಡನೆ ಯಂತ್ರ, ಮಾಸ್ಕ್, ನೋಟ್‌ಬುಕ್ ಮೂರನ್ನೂ ಒಯ್ಯಿರಿ. ಯಂತ್ರದ ಕಾರ್ಡಿನಲ್ಲಿ ಸೋರಿಕೆ ಎಷ್ಟು, ಯಂತ್ರ ಹಚ್ಚಿದಾಗಲೂ ಉಸಿರು ನಿಲ್ಲುತ್ತಿದೆಯೇ ಎಂಬುದೆಲ್ಲ ದಾಖಲಾಗಿರುತ್ತದೆ. ಅದನ್ನು ತೆರೆದು ನೋಡಿ ಎಂದು ಕೇಳುವುದು ನಿಮ್ಮ ಹಕ್ಕು. ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಒತ್ತಡ ತಾನೇ ಹೊಂದಿಸಿಕೊಳ್ಳುವ ಯಂತ್ರ, ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುವ ಬೈಪ್ಯಾಪ್, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ದಂತ ಸಾಧನ, ಅಂಗಾತ ಮಲಗದಂತೆ ಮಾಡುವ ಕ್ರಮ, ತೂಕ ಇಳಿಕೆ, ಆಯ್ದ ಕೆಲವರಿಗೆ ಶಸ್ತ್ರಚಿಕಿತ್ಸೆ ಇವೆ. ಯಂತ್ರ ಬಿಟ್ಟದ್ದನ್ನು ಮುಚ್ಚಿಟ್ಟವರಿಗೆ ಈ ದಾರಿಗಳು ತೆರೆಯುವುದೇ ಇಲ್ಲ.

ಲಾರಿ, ಬಸ್ಸು ಓಡಿಸುವವರಿಗೆ ಒಂದು ಮಾತು. ಲೈಸೆನ್ಸ್ ಹೋದೀತೆಂಬ ಹೆದರಿಕೆಯಿಂದ ರೋಗವನ್ನೇ ಮುಚ್ಚಿಡುವವರನ್ನು ನಾನು ಬಲ್ಲೆ. ಹಿರಿಯೂರಿನಿಂದ ಚಿತ್ರದುರ್ಗ ದಾಟಿ ಹರಿಹರದವರೆಗಿನ ಹೆದ್ದಾರಿ 48 ನೇರವಾಗಿದೆ, ನಸುಕಿನ ನಾಲ್ಕು ಗಂಟೆಗೆ ಆ ನೇರ ರಸ್ತೆಯೇ ಕಣ್ಣನ್ನು ಮುಚ್ಚಿಸುತ್ತದೆ. ಕ್ಯಾಬಿನ್ನಿನಲ್ಲಿ ಮಲಗುವವರಿಗೆ ಗಾಡಿಯ ಬ್ಯಾಟರಿಯಿಂದ ಯಂತ್ರ ಓಡಿಸುವ ಅಡಾಪ್ಟರು ಸಿಗುತ್ತದೆ, ನಿಮ್ಮ ಯಂತ್ರದ ಮಾದರಿಗೆ ಹೊಂದುವುದನ್ನೇ ಕೊಳ್ಳಿ. ಹಿಂದಿನ ರಾತ್ರಿ ಮಾಸ್ಕ್ ಹಾಕಿಕೊಳ್ಳಲಾಗದೆ ಹಗಲು ತೂಕಡಿಕೆ ಬರುತ್ತಿದ್ದರೆ ಆ ದಿನ ಸ್ಟೇರಿಂಗ್ ಹಿಡಿಯಬೇಡಿ.